ಮೊದಲ ಬ್ಲಾಗೂ ಮಡಿಲ ಉಪ್ಪೂ

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ದನದ ದೊಡ್ಡಿಗೆ ಹೋದ ಆ ಸಂಜೆ ಗಾಳಿಯೇ ಇರಲಿಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ. ಆದರೆ ಫೋನಿನಲ್ಲಿ ಉಳಿದಿರುವ ಧ್ವನಿಯಲ್ಲಿ ಮೊದಲಿನಿಂದ ಕೊನೆಯವರೆಗೂ ಗಾಳಿಯೇ ಗಾಳಿ. ಅದೇ ದಿನ ಬರೆದ ದಿನಚರಿಯಲ್ಲಿ ಗಾಳಿಯ ಸುದ್ದಿ ಇಲ್ಲ, ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕ ಸುದ್ದಿ ಇದೆ. ಗಾಳಿಯ ಮಟ್ಟಿಗೆ ಫೋನನ್ನು ನಂಬಿದ್ದೇನೆ. ಉಳಿದದ್ದಕ್ಕೆ, ಬೇರೆ ದಾರಿ ಇಲ್ಲದೆ, ನನ್ನನ್ನೇ ನಂಬಿದ್ದೇನೆ.

ನಾನು ದಿಂಡಿಗಲ್ಲಿನ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮನೆ ಇರುವುದು ಕೊಂಬೈಯಲ್ಲಿ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಎಷ್ಟು ತಲೆಮಾರಿನಿಂದ ಹೀಗೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆ ಮನೆಯಲ್ಲಿ ಕನ್ನಡದ ಅಕ್ಷರ ಓದುವವರು ನನ್ನನ್ನು ಬಿಟ್ಟರೆ ಯಾರೂ ಇಲ್ಲ. ನಾನೂ ಕಲಿತದ್ದು ಮೈಸೂರಿನಲ್ಲಿ ಎಂ.ಎ. ಓದುವಾಗ, ಹಾಸ್ಟೆಲಿನ ಗೆಳತಿಯ ಹತ್ತಿರ. ಅಂದಿನಿಂದ ದಿನಚರಿಯನ್ನು ಕನ್ನಡದಲ್ಲೇ ಬರೆಯುತ್ತೇನೆ. ಮನೆಯವರು ಯಾರೂ ಅದನ್ನು ಓದಲಾರರು ಎಂಬುದೂ ಒಂದು ಅನುಕೂಲವಾಗಿತ್ತು.

ಬ್ಲಾಗ್ ಬರೆಯಲು ಹಚ್ಚಿದವಳು ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಸಹೋದ್ಯೋಗಿ. ಅವಳು ಚಿಟ್ಟೆಗಳ ಬಗ್ಗೆ ತಮಿಳಿನಲ್ಲಿ ಒಂದು ಬ್ಲಾಗ್ ನಡೆಸುತ್ತಾಳೆ. ಮೊದಲ ಬರಹಕ್ಕೆ ದೊಡ್ಡ ವಿಷಯ ಹಿಡಿಯಬೇಡ, ನೀನು ಕಣ್ಣಾರೆ ಕಂಡ ಒಂದೇ ಒಂದು ಸಂಗತಿ ಸಾಕು ಎಂದಳು. ಬರೆದ ಮೇಲೆ, ಆ ಹೊತ್ತಿನಲ್ಲಿ ಅಲ್ಲಿದ್ದ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳು. ಅವರು ಎಲ್ಲಿ ತಡೆಯುತ್ತಾರೋ ಅಲ್ಲಿಂದ ತುಂಬುತ್ತಾ ಹೋಗು. ಮಾತು ಸಾಲದ ಕಡೆ ಚಿತ್ರ, ಚಿತ್ರಕ್ಕೆ ಒಂದು ಅಡಿಬರಹ. ಕಿವಿಗೆ ಬೀಳುವಂಥದ್ದೇನಾದರೂ ಇದ್ದರೆ ಅದನ್ನು ಬರೆದು ಸಾಯಬೇಡ, ಧ್ವನಿಯನ್ನೇ ಹಾಕಿಬಿಡು. ಇದನ್ನೆಲ್ಲ ಅವಳು ಊಟದ ಡಬ್ಬಿ ತೊಳೆಯುತ್ತಾ ಹೇಳಿದಳು.

ದಿಂಡಿಗಲ್ಲಿನ ನನ್ನ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತೆ. ಬಿಳಿ ಜಾಗ, ಮೇಲೆ ಶೀರ್ಷಿಕೆಗೆಂದು ಬಿಟ್ಟ ಒಂದು ಬೂದು ಗೆರೆ. 'ಕೊಂಬೈ' ಎಂದು ಬರೆದೆ. ನಿಂತೆ. ದಿನಚರಿಯಲ್ಲಿ ನಾನು ಯಾವಾಗಲೂ 'ಊರು' ಎಂದಷ್ಟೇ ಬರೆಯುತ್ತಿದ್ದೆ. ನನ್ನ ಊರಿನ ಹೆಸರನ್ನು ಕನ್ನಡದ ಅಕ್ಷರದಲ್ಲಿ ನಾನು ನೋಡಿದ್ದು ಅದೇ ಮೊದಲು. ಬಸ್ಸಿನ ಬೋರ್ಡಿನಲ್ಲಿ, ಅಂಗಡಿಯ ಮೇಲೆ, ಪಾಸ್‌ಬುಕ್ಕಿನಲ್ಲಿ ಎಷ್ಟು ಸಲ ಓದಿದ ಹೆಸರು! ಈಗ ಅದು ಬೇರೆ ಬಟ್ಟೆ ತೊಟ್ಟು ಬಂದ ಚಿಕ್ಕಮ್ಮನ ಹಾಗೆ ನನ್ನನ್ನೇ ನೋಡುತ್ತಿತ್ತು. ಮುಂದಿನ ಪದ ಬರೆಯಲು ಬಹಳ ಹೊತ್ತಾಯಿತು.

ಬರೆದದ್ದು ಇಷ್ಟು: ನಾನು ಚಿಕ್ಕವಳಿದ್ದಾಗ ಸಂಜೆ ದನಗಳು ಗುಡ್ಡದ ಕಡೆಯಿಂದ ಬರುತ್ತಿದ್ದವು. ತಾತ ಹಟ್ಟಿಯ ಮುಂದೆ ನಿಂತು, ಹೆಗಲ ಮೇಲೆ ಟವೆಲು ಹಾಕಿಕೊಂಡು, ಒಂದು ಕೂಗು ಹಾಕುತ್ತಿದ್ದ. ಎಲ್ಲಿದ್ದ ದನವೂ ತಲೆ ಎತ್ತಿ, ಓಡಿದಂತೆಯೂ ನಡೆದಂತೆಯೂ ಬಂದುಬಿಡುತ್ತಿತ್ತು. ಆ ಕೂಗನ್ನು ಅಕ್ಷರದಲ್ಲಿ ಹಿಡಿಯಲು ನೋಡಿದೆ, ಆಗಲಿಲ್ಲ, ಅಳಿಸಿದೆ. ಆ ಜಾಗವನ್ನು ಖಾಲಿ ಬಿಟ್ಟು, ಶನಿವಾರ ಊರಿಗೆ ಹೋದೆ.

ಓದಿ ಹೇಳಿದ್ದು ಅತ್ತೆಗೆ. ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮದುವೆಯಾಗಿ ಓಡೈಪಟ್ಟಿಗೆ ಹೋಗಿದ್ದರು. ಮಾವ ತೀರಿಕೊಂಡ ಮೇಲೆ ತವರಿಗೇ ಬಂದರು. ಈಗ ಮನೆಯನ್ನು ನಡೆಸುವವರೇ ಅವರು. ಅವರ ಮಗ ದ್ರಾಕ್ಷಿ ವ್ಯಾಪಾರ ಮಾಡುತ್ತಾನೆ. ದನ ಕಟ್ಟುತ್ತಿದ್ದ ಹಟ್ಟಿಯಲ್ಲಿ ಈಗ ಅವನ ಪ್ಲಾಸ್ಟಿಕ್ ಕ್ರೇಟುಗಳು ಸೂರಿನವರೆಗೆ ಇವೆ. ಅತ್ತೆ ಮುಂಬಾಗಿಲ ತಿಣ್ಣೆಯ ಮೇಲೆ ಕಾಲು ಚಾಚಿ ಕುಳಿತು ಮೊದಲು ಪರದೆಯನ್ನೇ ನೋಡಿದರು.

"ಇದಾ ನಮ್ ಪೇಚು?"

ಪೇಚು ಎಂದರೆ ಮಾತು. ಹೌದು ಎಂದೆ.

"ಇಷ್ಟು ಉಂಡುಂಡೆಯಾ ಇದ್ಯಾ?" ಎಂದು ಬೆರಳ ತುದಿಯಿಂದ ಒಂದೊಂದೇ ಅಕ್ಷರವನ್ನು ಸವರಿದರು. ಪುಟ ಮೇಲಕ್ಕೆ ಹಾರಿಹೋಯಿತು. "ಅಯ್ಯಯ್ಯೋ, ಓಡ್ತದಲ್ಲೇ! ಬಾಯಲ್ಲಿ ಇರೋಗಂಟ ಸುಮ್ನಿತ್ತು."

ನಾನು ನಕ್ಕೆ. ಅವರು ನಗಲಿಲ್ಲ. ಇನ್ನೂ ನೋಡುತ್ತಲೇ ಇದ್ದರು. ಬರವಣಿಗೆ ತಮಿಳಿಗೆ, ಮಾತು ನಮಗೆ ಎಂದುಕೊಂಡು ಎಪ್ಪತ್ತು ವರ್ಷ ದಾಟಿದವರು. ಆ ಮುಖವನ್ನು ನಾನು ದಿನಚರಿಯಲ್ಲಿ ಬರೆದಿಡಲು ಪ್ರಯತ್ನಿಸಿ, ಆಮೇಲೆ ಆ ಸಾಲುಗಳನ್ನು ಹೊಡೆದುಹಾಕಿದ್ದೇನೆ.

ಓದತೊಡಗಿದೆ. ತಾತ, ಹಟ್ಟಿ, ಟವೆಲು, ಕೂಗು. ಅಲ್ಲಿಗೆ ಅತ್ತೆ ತಡೆದರು.

"ಯಾರು ಕೂಗ್ದುದು?"

"ತಾತ."

"ನಿನ್ ತಾತನಾ? ಅವ್ರ ಗಂಟ್ಲು ಒಡ್ದ ಮಡ್ಕೆ ಅಲ್ವಾ, ನನ್ ಕಣ್ಣು! ಅವ್ರು ಕೂಗುದ್ರೆ ದನ ಅಲ್ಲ, ಬೀದಿ ನಾಯಿನೂ ತಿರುಗ್ತಿರ್ಲಿಲ್ಲ. ಕೂಗ್ದೋಳು ನಾನು. ಸುಗ್ಗಿಗೆ, ಬಾಣಂತನಕ್ಕೆ ಅಂತ ವರ್ಷದಾಗೆ ಅರ್ಧ ಇಲ್ಲೇ ಇರ್ತಿದ್ನಲ್ಲ. ಅವ್ರು ನನ್ ಹಿಂದೆ ನಿಂತು ಎಣಿಸ್ತಿದ್ರು."

ತಾತನ ಹೆಗಲ ಟವೆಲು, ಅದರ ಅಂಚಿನ ಕೆಂಪು, ಕೂಗುವಾಗ ಮೇಲೇಳುತ್ತಿದ್ದ ಗದ್ದ ಎಲ್ಲವೂ ನನ್ನ ಕಣ್ಣಿನಲ್ಲಿದೆ. ಅತ್ತೆ ಎಲ್ಲೂ ಇಲ್ಲ.

"ಸರಿ, ಕೈಯಲ್ಲಿ ಏನಿತ್ತು?" ಎಂದು ಅತ್ತೆ ಕೇಳಿದರು.

"ಏನೂ ಇರಲಿಲ್ಲ."

"ಹಾಗಾದ್ರೆ ಅವ್ರಲ್ಲ. ಕೂಗೋರ ಮಡ್ಲಲ್ಲಿ ಉಪ್ಪಿರ್ಬೇಕು."

ಆಗ ಒಂದು ಚಿತ್ರ ಮೇಲೆ ಬಂತು. ಸೆರಗನ್ನು ಗಂಟಿನಂತೆ ಮುಂದಕ್ಕೆ ಹಿಡಿದ ಒಂದು ಕೈ, ಅದರೊಳಕ್ಕೆ ಮೂತಿ ತೂರಿಸುತ್ತಿರುವ ಬಿಳಿ ಹಸು. ಇದು ನನ್ನ ನೆನಪೋ, ಅತ್ತೆ ಹೇಳಿದ ಕ್ಷಣದಲ್ಲಿ ನಾನು ಕಟ್ಟಿಕೊಂಡದ್ದೋ ಇವತ್ತಿಗೂ ಗೊತ್ತಿಲ್ಲ. ಆದರೂ ಬರಹದಲ್ಲಿ ತಾತನನ್ನು ಹಿಂದಕ್ಕೆ ಸರಿಸಿ ಎಣಿಸಲು ಬಿಟ್ಟೆ, ಅತ್ತೆಯನ್ನು ಮುಂದೆ ನಿಲ್ಲಿಸಿದೆ. ಆ ಒಂದು ತಿದ್ದುಪಡಿಗೇ ಬರಹ ಉಸಿರಾಡತೊಡಗಿತು.

ಆಮೇಲೆ ಫೋನು ತೆಗೆದು, ಒಂದು ಸಲ ಕೂಗಿ ಅತ್ತೆ, ಇಲ್ಲಿ ಖಾಲಿ ಬಿಟ್ಟಿದ್ದೇನೆ, ಹಾಕುತ್ತೇನೆ ಎಂದೆ.

"ಈಗ್ಲಾ? ಸುಮ್ಮನಾ? ಆಗೋದಿಲ್ಲ."

"ಯಾಕೆ? ಗಂಟಲು ಸರಿಯಿಲ್ವಾ?"

"ಗಂಟ್ಲು ಚೆನ್ನಾಗೇ ಅದೆ. ದನ ಇಲ್ದೆ, ಉಪ್ಪಿಲ್ದೆ ಕೂಗುದ್ರೆ ಅದು ಪೊಯ್ಯಿ. ದನದ ಹತ್ರ ಪೊಯ್ಯಿ ಹೇಳ್ಬಾರ್ದು. ಒಂದ್ಸಲ ಬಂದು ಬರೀ ಕೈ ನೋಡ್ಬಿಟ್ರೆ, ಅಪ್ಪುರೊ ಬರಲ್ಲ. ಮನುಷ್ಯ ಆದ್ರೆ ಬತ್ತಾನೆ, ಅವ್ನ್ಗೆ ನಾಚ್ಕೆ ಇಲ್ಲ."

ಪೊಯ್ಯಿ ಎಂದರೆ ಸುಳ್ಳು, ಅಪ್ಪುರೊ ಎಂದರೆ ಆಮೇಲೆ. ಮಕ್ಕಳು ಆಟಕ್ಕೆ ಆ ಕೂಗನ್ನು ಹಾಕಿದರೆ ಬೆನ್ನ ಮೇಲೆ ಏಟು ಬೀಳುತ್ತಿತ್ತಂತೆ. ನನಗೆ ಬಿದ್ದಿತ್ತಾ ಎಂದು ಕೇಳಿದೆ. "ನೀ ಯಾವತ್ತು ಬಾಯ್ ಬಿಟ್ಟೆ? ಮೂಲೇಲಿ ಕೂತು ನೋಡ್ತಿದ್ದೆ. ಈಗ ಬರೀತಿದ್ದೀಯಾ" ಎಂದರು. ಆಮೇಲೆ ತಾವೇ ಒಂದು ದಾರಿ ತೋರಿಸಿದರು. "ದೊಡ್ಡೀಗೆ ಕರ್ಕೊಂಡ್ ಹೋಗು. ಕಲ್ಲುಪ್ಪು ಈಸ್ಕೋ. ಅಲ್ಲಿ ಕೂಗ್ತೀನಿ."

ನಮ್ಮ ಕಣಿವೆಯಲ್ಲೇ ಇರುವ ಗೂಡಲೂರಿಗೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡಕ್ಕೆ, ನಮ್ಮ ಜನ ದೇವರಿಗೆ ಬಿಟ್ಟ ದನಗಳ ಒಂದು ದೊಡ್ಡಿ ಇದೆ. ಅವಕ್ಕೆ ನೊಗ ಹೂಡುವುದಿಲ್ಲ, ಅವುಗಳ ಹಾಲು ಕರೆಯುವುದಿಲ್ಲ. ಹರಕೆ ಹೊತ್ತವರು ಕರುವನ್ನು ತಂದು ಬಿಟ್ಟು ಹೋಗುತ್ತಾರೆ. ಕಾಯುವವರು ಬೆಳಿಗ್ಗೆ ಮೇಯಲು ಬಿಟ್ಟು ಸಂಜೆ ತಿರುಗಿಸುತ್ತಾರೆ. ನಾವು ಹೋದಾಗ ದನಗಳು ಇನ್ನೂ ದೂರದಲ್ಲಿ, ಒಣಹುಲ್ಲಿನ ಇಳಿಜಾರಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು. ಕಾಯುವವನು ಅತ್ತೆಯ ಕೈಯಲ್ಲಿದ್ದ ಚೀಲ ನೋಡಿ, ಏನವ್ವಾ ಎನ್ನುವ ಹಾಗೆ, "ಎನ್ನಾತ್ತಾ, ಊಟ ಹಾಕೋಕೆ ಬಂದ್ರಾ?" ಎಂದ. "ನಿಂಗಲ್ಲ" ಎಂದರು ಅತ್ತೆ.

ಸೀರೆಯ ಸೆರಗನ್ನು ಮಡಿಲು ಮಾಡಿ ಉಪ್ಪು ಸುರಿದುಕೊಂಡರು. ನಾನು ಫೋನು ಹಿಡಿದೆ. ಅತ್ತೆ ನನ್ನ ಕಡೆ ನೋಡಲಿಲ್ಲ.

ಕೂಗಿದರು.

ಆ ಕೂಗನ್ನು ಇಲ್ಲಿಯೂ ಅಕ್ಷರದಲ್ಲಿ ಹಿಡಿಯಲಾರೆ. ಕೆಳಗಿನಿಂದ ಶುರುವಾಗಿ, ಮೇಲೇರಿ, ಇನ್ನೇನು ಮುರಿಯಿತು ಎನ್ನುವಾಗ ನಿಲ್ಲುತ್ತಿತ್ತು. ತಿಣ್ಣೆಯ ಮೇಲೆ ಸೊಂಟ ಹಿಡಿದುಕೊಂಡು ಏಳುವ ಹೆಂಗಸಿನೊಳಗೆ ಆ ಧ್ವನಿ ಎಲ್ಲಿತ್ತೋ! ಇಳಿಜಾರಿನಲ್ಲಿ ಮೊದಲು ಒಂದು ತಲೆ ಎದ್ದಿತು. ಆಮೇಲೆ ಎಲ್ಲ ತಲೆಗಳೂ. ಅವು ಅತ್ತೆಯನ್ನು ಯಾವತ್ತೂ ಕಂಡವಲ್ಲ. ಅತ್ತೆ ಕೊನೆಯ ಸಲ ಕೂಗಿದಾಗ ಈ ದನಗಳ ತಾಯಂದಿರೂ ಹುಟ್ಟಿರಲಿಲ್ಲ. ಆದರೂ ಬಂದವು. ಓಡಿದಂತೆಯೂ ನಡೆದಂತೆಯೂ, ನನ್ನ ಬರಹದಲ್ಲಿ ನಾನು ಬರೆದಿದ್ದ ಹಾಗೆಯೇ. ಆ ಒಂದು ಮಾತು ಮಾತ್ರ ನನಗೆ ಸರಿಯಾಗಿ ನೆನಪಿತ್ತು ಎಂದು ಖಚಿತವಾದದ್ದು ಆಗ. ಮಣ್ಣು ನಡುಗಿತು. ನಾನು ಹೆದರಿ ಕಲ್ಲುಗೋಡೆಗೆ ಒರಗಿದೆ. ಅತ್ತೆ ಕದಲಲಿಲ್ಲ. ಮಡಿಲು ತಗ್ಗಿಸಿ, "ನಿಲ್ಲವ್ವಾ, ನೂಕ್ಬೇಡ, ಎಲ್ಲರ್ಗೂ ಅದೆ" ಎನ್ನುತ್ತಾ ಒಂದೊಂದರ ನಾಲಿಗೆಗೂ ಉಪ್ಪು ಕೊಟ್ಟರು. ನಮ್ಮ ಪೇಚಿನಲ್ಲೇ. ಉಪ್ಪು ಮುಗಿದ ಮೇಲೂ ಒಂದು ಕಂದು ಹಸು ಅವರ ಅಂಗೈಯನ್ನು ನೆಕ್ಕುತ್ತಲೇ ಇತ್ತು.

ಮನೆಗೆ ಬಂದು, ಖಾಲಿ ಬಿಟ್ಟ ಜಾಗಕ್ಕೆ ಧ್ವನಿಯನ್ನು ಸೇರಿಸಿದೆ. ಚಿಕ್ಕ ತ್ರಿಕೋನ, ಪಕ್ಕದಲ್ಲಿ ಒಂದು ಗೆರೆ, ಅಷ್ಟೆ. ಮಾರನೆಯ ಬೆಳಿಗ್ಗೆ ತಿಣ್ಣೆಯ ಮೇಲೆ ಅತ್ತೆಗೆ ತೋರಿಸಿ, ಅದನ್ನು ಒತ್ತಿದೆ.

ತಮ್ಮದೇ ಧ್ವನಿ ಹೊರಟಾಗ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. "ನಾನಾ? ಇದು ನಮ್ಮವ್ವನ ಗಂಟ್ಲು!" ಅಂದರು. ಅಷ್ಟರಲ್ಲಿ ಎದುರು ಮನೆಯ ಬೇವಿನ ಮರಕ್ಕೆ ಕಟ್ಟಿದ್ದ ಹಸು ಎದ್ದು ನಿಂತಿತು. ಹಗ್ಗ ಬಿಗಿಯಾಗುವವರೆಗೆ ಬೀದಿಗೆ ಬಂದು, ನಮ್ಮ ಕಡೆ ಮುಖ ಮಾಡಿತು.

ಅತ್ತೆ ಎದ್ದು ಒಳಗೆ ಹೋದರು. ಹಿಡಿ ಉಪ್ಪು ತಂದು, ಬೀದಿ ದಾಟಿ, ಅದಕ್ಕೆ ತಿನ್ನಿಸಿ ಬಂದರು.

"ಒಳ್ಳೇ ಪೆಟ್ಟಿಗೆ ತಂದೆ ನೀ. ಒತ್ತಿದಾಗೆಲ್ಲ ನನ್ ಉಪ್ಪಿನ ಡಬ್ಬ ಖಾಲಿ" ಎಂದು ಕೈ ಕೊಡವಿದರು. ಆಮೇಲೆ ಕುಳಿತು, ಬೇರೆ ದನಿಯಲ್ಲಿ ಕೇಳಿದರು. "ಇದ ಯಾರ್ ಬೇಕಾದ್ರೂ ಒತ್ತಬೌದಾ?"

"ಹೂಂ. ಎಲ್ಲಿಂದ ಬೇಕಾದರೂ."

"ಒತ್ತೋರೆಲ್ಲ ಉಪ್ಪು ಕೊಡ್ತಾರಾ?"

ಕೇಳುವವರು ಬಹುಪಾಲು ಪಟ್ಟಣದವರು, ಸುತ್ತ ದನ ಇರುವುದಿಲ್ಲ ಎಂದೆ. ನನ್ನ ಮಾತು ನನಗೇ ಟೊಳ್ಳಾಗಿ ಕೇಳಿಸಿತು. ಎದುರಿನ ಹಸು ಇನ್ನೂ ತುಟಿ ನೆಕ್ಕಿಕೊಳ್ಳುತ್ತಿತ್ತು. ಅತ್ತೆ ಬೇಡ ಎನ್ನಲಿಲ್ಲ, ಹಾಕು ಎನ್ನಲೂ ಇಲ್ಲ. ನಾನು ಧ್ವನಿಯನ್ನು ತೆಗೆದೆ. ಅದರ ಜಾಗಕ್ಕೆ ಅವರ ಒಪ್ಪಿಗೆ ಪಡೆದು ಒಂದು ಚಿತ್ರ ಹಾಕಿದೆ: ಮುಖ ಇಲ್ಲ, ಬರೀ ಸೆರಗಿನ ಮಡಿಲು, ಉಪ್ಪು, ಎರಡು ಕೈ. ಅಡಿಬರಹಕ್ಕೆ ನಾಲ್ಕಾರು ವಾಕ್ಯ ಬರೆದು ಅಳಿಸಿ, ಕೊನೆಗೆ 'ಕೂಗುವ ಮೊದಲು' ಎಂದಷ್ಟೇ ಉಳಿಸಿದೆ. ದಿಂಡಿಗಲ್ಲಿನ ಸಹೋದ್ಯೋಗಿ ಫೋನಿನಲ್ಲೇ ಬೈದಳು. ಅದೇ ತಾನೇ ಚಿನ್ನ, ಅದನ್ನೇ ಬಿಟ್ಟೆಯಾ ಎಂದಳು. ಬರಹ ಪ್ರಕಟವಾಯಿತು.

ಯಾರೂ ಓದಲಾರರು ಎಂದುಕೊಂಡಿದ್ದೆ. ಕೆಲವು ವಾರಗಳ ನಂತರ ಕೆಳಗೆ ಒಂದು ಪ್ರತಿಕ್ರಿಯೆ ಇತ್ತು. ಕರ್ನಾಟಕದ ಒಂದು ಹಳ್ಳಿಯಿಂದ, ನಾನು ಹೆಸರೂ ಕೇಳಿರದ ಊರಿನಿಂದ, ಒಬ್ಬ ಹೆಂಗಸು ಬರೆದಿದ್ದಳು. ತನ್ನ ಅಜ್ಜಿಯೂ ಮಡಿಲಲ್ಲಿ ಉಪ್ಪಿಟ್ಟುಕೊಂಡೇ ದನ ಕೂಗುತ್ತಿದ್ದಳು, ಬರಿಗೈಯಲ್ಲಿ ಕೂಗಿದರೆ ಬೈಯುತ್ತಿದ್ದಳು, ಅಜ್ಜಿ ಹೋದ ಮೇಲೆ ಆ ಕೂಗು ಯಾರಿಗೂ ಬರುವುದಿಲ್ಲ. ನಿಮ್ಮ ಅತ್ತೆಯದು ಕೊನೆಯಲ್ಲಿ ಮೇಲೇರಿ ಥಟ್ಟನೆ ನಿಲ್ಲುತ್ತದೆಯೇ ಎಂದು ಕೇಳಿದ್ದಳು. ಕೂಗು ಹೇಗಿರುತ್ತದೆ ಎಂದು ನಾನು ಬ್ಲಾಗಿನ ಆ ಬರಹದಲ್ಲಿ ಒಂದು ಮಾತೂ ಬರೆದಿರಲಿಲ್ಲ. ಕುರ್ಚಿಯಿಂದ ಎದ್ದು, ಕಿಟಕಿಯವರೆಗೆ ಹೋಗಿ, ಮತ್ತೆ ಬಂದು ಓದಿದೆ. ನಮ್ಮವರು ಕರ್ನಾಟಕ ಬಿಟ್ಟು ಈ ಕಣಿವೆಗೆ ಇಳಿದು ಎಷ್ಟು ತಲೆಮಾರಾಯಿತೋ ಯಾರಿಗೂ ನೆನಪಿಲ್ಲ. ಕೂಗಿಗೆ ನೆನಪಿತ್ತು.

ಶನಿವಾರದವರೆಗೆ ಕಾಯಲಾಗದೆ ಶುಕ್ರವಾರ ಸಂಜೆಯೇ ಬಸ್ಸು ಹತ್ತಿದೆ. ಅತ್ತೆ ತಿಣ್ಣೆಯ ಮೇಲೆ ಸೊಪ್ಪು ಬಿಡಿಸುತ್ತಿದ್ದರು. ಓದಿ ಹೇಳಿದೆ. ಬಿಡಿಸುವ ಕೈ ನಿಂತಿತು.

"ಅವ್ರೂ ಉಪ್ಪು ಕೊಡ್ತಿದ್ರಾ?"

"ಹೂಂ ಅತ್ತೆ."

"ಈಗ ಮನೇಲಿ ದನ ಅದ್ಯಾ?"

ಒಂದು ಹಸು ಇದೆ ಎಂದು ಬರೆದಿದ್ದಾಳೆ ಎಂದೆ. ಅತ್ತೆ ಬೇವಿನ ಮರದ ಕಡೆ ನೋಡಿದರು. ನಾನು ಒಂದು ಮಾತು ಕೇಳಿದೆ. ಅವರು ಸೊಪ್ಪನ್ನು ಮೊರದ ಒಂದು ಬದಿಗೆ ಸರಿಸಿ, ಇನ್ನೊಂದು ಕಟ್ಟು ಬಿಚ್ಚಿದರು. ಆಮೇಲೆ ಎಷ್ಟೋ ಶನಿವಾರ ಊರಿಗೆ ಹೋಗಿ ಬಂದಿದ್ದೇನೆ. ಅವತ್ತು ಕೇಳಿದ್ದು ಇನ್ನೂ ಹಾಗೆಯೇ ಇದೆ:

"ಅತ್ತೆ, ಉಪ್ಪು ಕೊಡ್ತೀನಿ ಅಂತ ಅವಳು ಮಾತು ಕೊಟ್ರೆ, ನಿಮ್ಮ ಕೂಗು ಅವಳಿಗೆ ಕಳಿಸ್ಲಾ?"