ಕುಚ್ಚಿನಕ್ಕನ ಎಡಗಣ್ಣು

ಹೋದ ವಾರ ರವಿಕೆಗೆ ಹುಕ್ ಹೊಲಿಯೋಣವೆಂದು ಸೂಜಿ ಹಿಡಿದೆ. ದಾರ ಪೋಣಿಸುವಾಗ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು. ಹಾಗೆ ಮುಚ್ಚುವುದನ್ನು ನಾನು ಕಲಿತದ್ದು ಕುಚ್ಚಿನಕ್ಕನಿಂದ... ಸೂಜಿ ಕೈಯಲ್ಲೇ ಉಳಿಯಿತು.

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಬಾಡಿಗೆ ಸಾಲಿನಲ್ಲಿ ನಮ್ಮ ಪಕ್ಕದ ಕೋಣೆ ಅವರದು. ಯಾದಗಿರಿ ಕಡೆಯವರು. ಗಂಡ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಆಕೆ ಹೊಸ್ತಿಲಲ್ಲಿ ಕೂತು, ಅಂಗಡಿಯವರು ಕೊಟ್ಟ ಸೀರೆಗಳ ಸೆರಗಿಗೆ ರೇಷ್ಮೆ ದಾರದ ಕುಚ್ಚು ಕಟ್ಟುತ್ತಿದ್ದರು. ನಮಗೆಲ್ಲ ಕುಚ್ಚಿನಕ್ಕ. ಚಿಕ್ಕಂದಿನಿಂದಲೂ ಸೋಡಾಬುಡ್ಡಿ ಕನ್ನಡಕವಂತೆ. ಕೆಲಸಕ್ಕೆ ಕೂತರೆಂದರೆ ಎಡಗಣ್ಣು ಮುಚ್ಚಿಯೇ ಇರುತ್ತಿತ್ತು. “ಎರಡೂ ತೆರೆದ್ರ ಎಳಿ ಎರಡೆರಡು ಕಾಣ್ತಾವ” ಎನ್ನುತ್ತಿದ್ದರು.

ಒಂದು ಮದುವೆ ಸೀಸನ್ನಿನಲ್ಲಿ ಆಕೆ ಇದ್ದಕ್ಕಿದ್ದಂತೆ ಗಾಳಿಯಲ್ಲಿ ಚಪ್ಪಾಳೆ ಹೊಡೆಯತೊಡಗಿದರು. ಸೊಳ್ಳೆ ಹಾರುತ್ತಿದೆಯಂತೆ. ಅಂಗೈ ಬಿಡಿಸಿದರೆ ಏನೂ ಇಲ್ಲ. ಸಾಲುಮನೆಯವರೆಲ್ಲ ನಕ್ಕೆವು, ಆಕೆಯೂ ನಕ್ಕರು. ಆಮೇಲೆ ಕಣ್ಣಂಚಿನಲ್ಲಿ ಮಿಂಚು ಹೊಡೆಯುತ್ತದೆ, ಮಸುಕಾಗುತ್ತದೆ ಎಂದರು. ಉಷ್ಣವಿರಬೇಕೆಂದು ನೆತ್ತಿಗೆ ಹರಳೆಣ್ಣೆ ತಟ್ಟಿಕೊಂಡರು.

“ಕಣ್ಣಿನ ವಿಷ್ಯ ಕಣಕ್ಕಾ, ಇವತ್ತೇ ತೋರಿಸ್ಕೊಂಡ್ ಬನ್ನಿ” ಎಂದು ರೇಗಿದೆ.

“ಕೆಂಪಾಗಿಲ್ಲ, ನೋವಿಲ್ಲ, ನೀರೂ ಬರಂಗಿಲ್ಲ. ನೋವಾದ್ರ ಹೋಗ್ತೀನಿ ತಗೋ.”

ದಿನಾ ಹೇಳಿದೆ, ದಿನಾ ಅದೇ ಉತ್ತರ. ನೋವು ಬರಲಿ ಎಂದು ಕಾಯುತ್ತ ಕೂತರು, ಪುಣ್ಯಾತ್ಗಿತ್ತಿ! ಮದುವೆ ಸೀರೆಗಳು ರಾಶಿ ಬಿದ್ದಿದ್ದವು.

ಒಂದು ಮಧ್ಯಾಹ್ನ ಬಲಗಣ್ಣಿಗೆ ಧೂಳು ಬಿತ್ತೆಂದು ಅದನ್ನು ಸೆರಗಿನಿಂದ ಒತ್ತಿಕೊಂಡವರು ಚೀರಿದರು. ನಾನು ಒಲೆ ಆರಿಸಿ ಓಡಿದೆ. ಎದುರಿಗೇ ನಿಂತಿದ್ದೆ. ಆಕೆ ಮಾತ್ರ ಬಲಗಣ್ಣಿನ ಮೇಲಿನ ಸೆರಗು ತೆಗೆಯದೆ, ಗಾಳಿಯಲ್ಲಿ ಕೈಯಾಡಿಸಿ ನನ್ನನ್ನು ಹುಡುಕುತ್ತಿದ್ದರು.

“ಪರದೆ ಬಿದ್ದದವ್ವಾ... ನೀ ಎಲ್ಲಿದ್ದಿ?”

ಎಡಗಣ್ಣು ಹೋಗಿತ್ತು. ಯಾವಾಗಿನಿಂದ ಎಂದು ಆಕೆಗೇ ಗೊತ್ತಿಲ್ಲ. ಹಗಲೆಲ್ಲ ಆ ಕಣ್ಣು ಮುಚ್ಚಿಯೇ ಇರುತ್ತಿತ್ತಲ್ಲ!

ಆಟೋದಲ್ಲಿ ಶಿವಾಜಿನಗರದ ಕಣ್ಣಾಸ್ಪತ್ರೆಗೆ ಕರೆದೊಯ್ದೆ. ಹಲಸೂರು ಕೆರೆ ದಾಟುವಾಗ ಆಕೆ ಬಲಗಣ್ಣು ಮುಚ್ಚುವುದು, ತೆರೆಯುವುದು, ಮತ್ತೆ ಮುಚ್ಚುವುದು... ನೋಡಲಾಗದೆ ನಾನು ರಸ್ತೆಯ ಕಡೆ ತಿರುಗಿಕೊಂಡೆ. ಪರೀಕ್ಷೆ ಮಾಡಿದ ಡಾಕ್ಟರು, “ಕಣ್ಮುಂದೆ ಸೊಳ್ಳೆ ಹಾರ್ದಂಗೆ, ಮಿಂಚು ಹೊಡ್ದಂಗೆ ಕಂಡ ದಿನಾನೇ ಬರ್ಬೇಕಿತ್ತಮ್ಮ. ಕಣ್ಣಿನ ಹಿಂದಿನ ಪದರ ಪೂರ್ತಿ ಕಳಚ್ಕೊಂಡು ತುಂಬ ದಿನ ಆಗಿದೆ” ಎಂದರು.

“ನೋವೇ ಇರಲಿಲ್ಲಲ್ರೀ ಸಾಹೇಬ್ರ!”

“ಇದು ನೋಯಲ್ಲಮ್ಮ.”

ಆಕೆ ಅವರ ಕಾಲು ಹಿಡಿದುಕೊಂಡರು. ಬಿಡಿಸಲು ನನಗೆ ಸಾಕುಸಾಕಾಯಿತು. ಆಪರೇಷನ್ನೂ ಆಯಿತು. ಕಣ್ಣು ಬರಲಿಲ್ಲ.

ಅಲ್ಲಿಂದಾಚೆ ಇನ್ನೊಂದು ಕಣ್ಣಿನ ಭಯ. ಬೆಳಗಾದರೆ ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿ ದಿಟ್ಟಿಸುವರು. “ಕಾಣ್ತದ, ನಿನ್ನ ಮುಖ ಕಾಣ್ತದ” ಎಂದು ಅಳುವರು. ಸೂಜಿ ಮುಟ್ಟದೆ, ಅಂಗಡಿಯವರ ಸೀರೆಗಳನ್ನು ಹಾಗೇ ವಾಪಸ್ ಕಳಿಸಿಬಿಟ್ಟರು. ಕೊನೆಗೆ ಕೋಣೆ ಖಾಲಿ ಮಾಡಿ ಊರಿಗೆ ಹೋದರು. ಹೋದ ವರ್ಷ ಗಂಡನ ಫೋನ್ ಬಂತು, ಜ್ವರ ಬಂದು ತೀರಿಕೊಂಡರಂತೆ. ಸೂಜಿಯನ್ನು ಮತ್ತೆ ಮುಟ್ಟಲೇ ಇಲ್ಲವಂತೆ...

ಇಷ್ಟೆಲ್ಲ ನೆನೆಯುತ್ತ, ಸೂಜಿ ಕೆಳಗಿಟ್ಟು ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದೆ. ಆಕೆ ಊರಿಗೆ ಹೋದಾಗಿನಿಂದ ಅದೊಂದು ಅಭ್ಯಾಸ. ಅಂಚಿನಲ್ಲಿ ಫಳಕ್ಕೆಂದಿತು. ಒಂದು ಸೊಳ್ಳೆ ತೇಲಿಬಂತು. ಚಪ್ಪಾಳೆ ಹೊಡೆದೆ. ಅಂಗೈ ಖಾಲಿ.

ರವಿಕೆ ಅಲ್ಲೇ ಬಿಟ್ಟು ಸಿಕ್ಕ ಆಟೋ ಹತ್ತಿದೆ. ಅದೇ ರಸ್ತೆ, ಅದೇ ಆಸ್ಪತ್ರೆ. ಪದರದಲ್ಲಿ ಸಣ್ಣ ಹರಕು ಇತ್ತು, ಆಗಲೇ ಲೇಸರ್ ಮಾಡಿದರು.

“ಬೇಗ ಬಂದ್ರಿ. ಕಣ್ಣು ಉಳೀತು” ಎಂದರು ಡಾಕ್ಟರು.

ಆ ಮಾತು ಆಕೆಗೆ ಸಿಗಬೇಕಿತ್ತು. ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಡಾಕ್ಟರು ಗಾಬರಿಯಾಗಿ ಬಗ್ಗಿದರು.

“ಯಾಕಮ್ಮ, ನೋಯ್ತಿದೆಯಾ?”

“ಇಲ್ಲ ಡಾಕ್ಟ್ರೇ” ಎಂದೆ. “ಒಂಚೂರೂ ನೋವಿಲ್ಲ.”