ನಾನು ಟೈಪಿಸಿದ ರಾಜೀನಾಮೆಗಳು

ಬಹರೈನಿನಲ್ಲಿ ಕಂಪನಿಯ ಕೈಯಿಂದ ‘ನಾವೇ ಕೆಲಸದಿಂದ ತೆಗೆದೆವು’ ಎಂದು ಬರೆಸಿಕೊಂಡವರು ಯಾರೂ ಇಲ್ಲ, ಇನ್ನು ಮುಂದೆ ಬರೆಸಿಕೊಳ್ಳುವವರೂ ಇಲ್ಲ ಎಂದವರು ನನ್ನ ಅಕ್ಕನ ಗಂಡ ಸುಧಾಕರ ಭಾವ. ಹಾಗೆನ್ನುವಾಗ ಅವರು ಗುದೈಬಿಯಾದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಹಳೆಯ ಪೇಪರ್ ಹಾಸಿಕೊಂಡು ಬಂಗುಡೆ ಸ್ವಚ್ಛ ಮಾಡುತ್ತಿದ್ದರು. ಸಿತ್ರಾದ ಕಾರ್ಖಾನೆಯಲ್ಲಿ ವಾರವಿಡೀ ದುಡಿಯುವ ಅವರಿಗೆ ಶುಕ್ರವಾರದ ಮೀನೆಂದರೆ ವ್ರತವಿದ್ದಂತೆ. ಆ ಹೊತ್ತಿನಲ್ಲಿ ಅವರಾಡಿದ ಮಾತಿಗೆ ನಮ್ಮ ಮನೆಯಲ್ಲಿ ಅಪೀಲಿಲ್ಲ.

“ನೀನೆಂತ ಮಾರಾಯ್ತಿ, ಕಂಪನಿ ಹತ್ರ ಜಗಳಕ್ಕೆ ಹೋಗ್ತಿಯಾ? ರಾಜೀನಾಮೆಗೆ ಸೈನ್ ಹಾಕಿ ಬಾ. ಇಷ್ಟು ಓದಿದ್ದು ಇಂಗ್ಲಿಷಲ್ಲಿ ಸೈನ್ ಹಾಕ್ಲಿಕ್ಕೇ ಅಲ್ವಾ?”

ಕುಟುಕಿದ್ದು ಸುಮ್ಮನೆ ಅಲ್ಲ. ನಮ್ಮ ಕುಟುಂಬದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಸುಲಿದು ಕಪ್ಪಾದ ಬೆರಳುಗಳಲ್ಲೇ ನನ್ನ ಕಾಲೇಜಿನ ಅರ್ಜಿಗಳನ್ನು ಹಿಡಿದು ಅಲೆದವಳು. ಮನೆಗೊಂದು ಸರಕಾರಿ ಕಾಗದ ಬಂದರೆ ಓದಿಸಲು ಮಾಸ್ತರರ ಮನೆ ಹುಡುಕಿಕೊಂಡು ಹೋಗಬೇಕಾಗಿದ್ದ ಕಾಲವನ್ನು ನಾನು ಬಲ್ಲೆ. ಹಾಗಾಗಿ ಕಾಗದ ಬರೆಯಬಲ್ಲೆ ಎನ್ನುವುದು ನನ್ನ ಜಂಬ. ಅದನ್ನು ಮುಚ್ಚಿಟ್ಟು ವಿನಯ ನಟಿಸುವುದು ನನಗೆ ಬರುವುದಿಲ್ಲ.

ಆ ಜಂಬ ಆಫೀಸಿನಲ್ಲಿ ಯಾವ ಕೆಲಸಕ್ಕೆ ಬಳಕೆಯಾಯಿತೆಂದು ಕೇಳಿ. ಕಟ್ಟಡ ಕಟ್ಟಿಸುವ ನಮ್ಮ ಕಂಪನಿಗೆ ಜನ ಹೆಚ್ಚಾದಾಗಲೆಲ್ಲ ಎಚ್.ಆರ್. ನೋಡಿಕೊಳ್ಳುವ ಬೆಂಗಳೂರಿನ ರಘು ಸರ್ ನನ್ನ ಮೇಜಿನ ಹತ್ತಿರ ಬಂದು ಒಂದು ಹೆಸರು ಹೇಳುತ್ತಿದ್ದರು. ನಾನು ಕಂಪ್ಯೂಟರಿನಲ್ಲಿ ಸದಾ ಸಿದ್ಧವಿದ್ದ ಮಾದರಿಯನ್ನು ತೆರೆದು, ಹೆಸರು, ತಾರೀಖು ಬದಲಿಸಿ, ‘ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ’ ಎಂಬ ಅರ್ಥದ ಇಂಗ್ಲಿಷ್ ಪತ್ರವೊಂದನ್ನು ಆ ಹೆಸರಿನವರ ಪರವಾಗಿ ಟೈಪಿಸುತ್ತಿದ್ದೆ. ಸಿಮೆಂಟಿನ ಧೂಳು ಮೆತ್ತಿದ ಬೂಟಿನ ಗಂಡಸರು ಬಾಗಿಲಲ್ಲೇ ನಿಂತು ಸಹಿ ಹಾಕುತ್ತಿದ್ದರು. ಒಬ್ಬರು ನನಗೆ ಖರ್ಜೂರದ ಡಬ್ಬಿ ತಂದುಕೊಟ್ಟಿದ್ದರು. ತೆಗೆದುಹಾಕಿಸಿಕೊಂಡವರೆಂಬ ಕಳಂಕದಿಂದ ಅವರನ್ನು ಪಾರು ಮಾಡುತ್ತಿದ್ದೇನೆ ಎಂದೇ ನಾನು ನಂಬಿದ್ದೆ. ಆ ಖರ್ಜೂರವನ್ನು ಸಂತೋಷದಿಂದಲೇ ತಿಂದೆ.

ಎರಡು ವರ್ಷದ ಹಿಂದೆ ಆ ಬಾಗಿಲಲ್ಲಿ ನಿಂತವರಲ್ಲಿ ಭಾವನೂ ಒಬ್ಬರು. ಆಗ ಅವರು ನಮ್ಮ ಕಂಪನಿಯಲ್ಲೇ ವೆಲ್ಡರ್. ಓದದೆಯೇ ಸಹಿ ಹಾಕಿದರು, ಬರೆದವಳು ನಾದಿನಿಯಲ್ಲವೇ! ಕೆಲಸ ಮಾಡಿದ್ದಕ್ಕೊಂದು ಸರ್ಟಿಫಿಕೇಟ್ ಬೇಕಿತ್ತು ಎಂದಾಗ, ತಾವಾಗಿ ಬಿಟ್ಟು ಹೋಗುವವರಿಗೆ ಅದೆಲ್ಲ ಇಲ್ಲವಂತೆ ಎಂದು ರಘು ಸರ್ ಹೇಳಿದ್ದನ್ನು ಅವರಿಗೆ ಮುಟ್ಟಿಸಿದವಳೂ ನಾನೇ. ಹದಿನಾಲ್ಕು ವರ್ಷ ಕಬ್ಬಿಣ ಬೆಸೆದ ಮನುಷ್ಯ, ತೋರಿಸಲು ಒಂದು ಚೀಟಿಯೂ ಇಲ್ಲದೆ, ಸಿತ್ರಾದಲ್ಲಿ ಹೆಲ್ಪರ್ ಆಗಿ ಹೊಸದಾಗಿ ಸೇರಿದರು.

ಈಗ ನನ್ನ ಸರದಿ. ಗುರುವಾರ ರಘು ಸರ್ ಮೇಜಿನ ಹತ್ತಿರ ಬಂದು ಯಾವ ಹೆಸರನ್ನೂ ಹೇಳಲಿಲ್ಲ.

“ವಿನುತಾ, ಟರ್ಮಿನೇಶನ್ ಅಂದ್ರೆ ರೆಕಾರ್ಡಲ್ಲಿ ಬ್ಲ್ಯಾಕ್ ಮಾರ್ಕ್ ಕಣಮ್ಮ. ನೀನೇ ರಿಸೈನ್ ಮಾಡ್ಬಿಡು, ನಿಂಗೆ ಸರ್ಟಿಫಿಕೇಟ್ ನಾನೇ ಮಾಡಿಸಿಕೊಡ್ತೀನಿ. ಫಾರ್ಮ್ಯಾಟ್ ಹೆಂಗೂ ನಿನ್ಹತ್ರಾನೇ ಇದೆಯಲ್ಲ.”

ಮಾದರಿಯನ್ನು ತೆರೆದೆ. ಅಷ್ಟು ಸಲ ಬರೆದ ವಾಕ್ಯದ ಮುಂದೆ ನನ್ನ ಹೆಸರನ್ನು ಹಾಕಲು ಬೆರಳು ಒಪ್ಪಲಿಲ್ಲ. ನನಗೆ ಯಾವ ವೈಯಕ್ತಿಕ ಕಾರಣವೂ ಇರಲಿಲ್ಲ. ನನ್ನ ಬಾಗಿಲಲ್ಲಿ ಸಹಿ ಹಾಕಿದವರಿಗೂ ಇರಲಿಲ್ಲ ಎಂಬುದು ಆಗ ಹೊಳೆಯಿತೋ, ಮೊದಲೇ ಗೊತ್ತಿತ್ತೋ? ನೀವು ನನ್ನ ಸ್ನೇಹಿತರೆಂದು ಹೇಳುತ್ತಿದ್ದೇನೆ, ಇವತ್ತಿಗೂ ನನಗೆ ತಿಳಿಯದು.

ಇಲ್ಲಿ ವಾರದ ಕೆಲಸ ಶುರುವಾಗುವ ಭಾನುವಾರ ರಜೆ ಹಾಕಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆ. ನ್ಯಾಯ ಕೇಳಲು ಹೋದೆನೋ, ತಪ್ಪೊಪ್ಪಿಕೊಳ್ಳಲು ಹೋದೆನೋ ಎಂಬುದು ಟ್ಯಾಕ್ಸಿಯಲ್ಲಿ ಕೂತಾಗಲೂ ಸ್ಪಷ್ಟವಿರಲಿಲ್ಲ. ಕೌಂಟರಿನ ಬಹರೈನಿ ಹೆಂಗಸು ನನ್ನ ಇಂಗ್ಲಿಷ್ ಪೀಠಿಕೆಯನ್ನೆಲ್ಲ ಕೈಯೆತ್ತಿ ತಡೆದು, ನಗುತ್ತ ಹಿಂದಿಯಲ್ಲೇ ಕೇಳಿದಳು: “ಸೈನ್ ಕಿಯಾ?”

“ನಹೀ.”

“ಖಲಾಸ್. ಮತ್ ಕರೋ.” ಅಷ್ಟೇ ಸಾಕು, ಹಾಕಬೇಡ ಎಂದು.

ಆಮೇಲೆ ನಿಧಾನವಾಗಿ ತಿಳಿಸಿದಳು. ತೆಗೆಯುವುದಾದರೆ ಕಂಪನಿಯೇ ಲಿಖಿತವಾಗಿ ಮೂವತ್ತು ದಿನದ ನೋಟಿಸ್ ಕೊಡಬೇಕು. ಕಾರಣ ಸರಿಯಿಲ್ಲವೆನಿಸಿದರೆ ದೂರು ಕೊಡಬಹುದು. ರಾಜೀನಾಮೆಗೆ ಸಹಿ ಹಾಕಿದ ಮೇಲೆ, ತೆಗೆದದ್ದು ಅವರೇ ಎಂದು ಸಾಧಿಸುವುದು ಕಷ್ಟ. ಇನ್ನು ಸರ್ಟಿಫಿಕೇಟ್ ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ಉಡುಗೊರೆಯಲ್ಲ. ತಾನಾಗಿ ಬಿಟ್ಟವರಿಗೂ, ತೆಗೆಸಿಕೊಂಡವರಿಗೂ ಅದು ಸಲ್ಲಬೇಕಾದದ್ದೇ.

ಬಿಟ್ಟವರಿಗೂ ಎಂಬ ಆ ಒಂದು ಮಾತು ಕೇಳಿದ ಮೇಲೆ ಅವಳು ಹೇಳಿದ ಉಳಿದದ್ದು ನನ್ನ ತಲೆಗೆ ಹೋಗಲಿಲ್ಲ.

ಮರುದಿನ ನನ್ನದೇ ಪತ್ರ ಬರೆದೆ. ಮಾದರಿ ಇಲ್ಲದೆ ನಾನು ಬರೆದ ಮೊದಲ ಪತ್ರ. ಕೆಲಸ ಬಿಡುವ ಇಚ್ಛೆ ನನಗಿಲ್ಲ, ತೆಗೆಯುವುದು ನೀವಾದರೆ ನೀವೇ ಬರೆದುಕೊಡಿ ಎಂದಷ್ಟೆ. ರಘು ಸರ್ ಅದನ್ನೋದಿ, “ನಾಳೆ ನನ್ನ ಲೆಟರ್ ಯಾರ್ ಟೈಪ್ ಮಾಡ್ತಾರೋ?” ಎಂದರು. ನಾನು ನಿರೀಕ್ಷಿಸಿದ್ದು ಬೈಗುಳವನ್ನು. ವಾರದೊಳಗೆ ನೋಟಿಸ್ ಬಂತು, ಕೆಲಸ ಕಡಿಮೆಯಾದ್ದರಿಂದ ಎಂಬ ಕಾರಣದೊಂದಿಗೆ. ಮೂವತ್ತನೆಯ ದಿನ ಸರ್ಟಿಫಿಕೇಟ್ ಕೂಡ ಬಂತು.

ಗೆದ್ದೆನೇ? ಸಹಿ ಹಾಕಿದ್ದರೂ ಮನೆಯಲ್ಲಿರುತ್ತಿದ್ದೆ, ಹಾಕದೆಯೂ ಮನೆಯಲ್ಲೇ ಇದ್ದೇನೆ. ಸತ್ಯ ಬರೆದ ಕಾಗದವೊಂದು ಕೈಯಲ್ಲಿದೆ. ಸುಳ್ಳು ಬರೆದ ಕಾಗದಗಳು ಯಾವ ಯಾವ ಊರುಗಳಲ್ಲಿವೆಯೋ. ಹಕ್ಕೆಂಬುದು ತಿಳಿದ ದಿನದಿಂದ ಶುರುವಾಗುತ್ತದೆಯೇ, ಇಲ್ಲ ತಿಳಿಯದೆ ಕಳೆದ ದಿನಗಳಿಗೂ ಲೆಕ್ಕ ಒಪ್ಪಿಸಬೇಕೇ? ನನ್ನ ಬಿ.ಕಾಂ. ಇದಕ್ಕೆ ಉತ್ತರ ಕಲಿಸಿರಲಿಲ್ಲ.

ಸರ್ಟಿಫಿಕೇಟ್ ಬಂದ ದಿನ ಸಂಜೆ, ಕಾರ್ಖಾನೆಯ ಬಸ್ಸಿಳಿದು ಬಂದ ಭಾವನ ಕೈಗೆ ಅದನ್ನು ಕೊಟ್ಟೆ, ತಾವಾಗಿ ಬಿಟ್ಟವರಿಗೂ ಇದನ್ನು ಕೊಡಲೇಬೇಕಂತೆ ಎಂದೆ. ಅಷ್ಟು ದಿನ ನುಂಗಿಕೊಂಡಿದ್ದ ಮಾತು ಅದು. ಅವರು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕಾಗದ ಹಿಡಿದು, ಮುದ್ರೆಯ ಮೇಲೆ ಹೆಬ್ಬೆರಳಾಡಿಸಿದರು. ಬಯ್ಯಲಿ ಎಂದು ಕಾದೆ. ಅವರು ತಲೆಯೆತ್ತಿ ಕೇಳಿದರು:

“ವಿನು, ಹಾಗಾದ್ರೆ ನಂದು ಈಗ ಕೇಳಿದ್ರೆ ಕೊಡ್ತಾರಾ?”