ಫ್ಯಾಮಿಲಿ ರೂಮಿನ ಕಿಟಿಕಿ

ಪುತ್ತೂರಿನ ಆ ದೊಡ್ಡ ಹಳೇ ಹೋಟೆಲಿನ ಮಹಡಿಯಲ್ಲಿದ್ದ ಫ್ಯಾಮಿಲಿ ರೂಮಿಗೆ ಕಿಟಿಕಿ ಇತ್ತೇ ಎಂದು ಕೇಳಿದರೆ ಈಗಲೂ ನೆನಪಿನಿಂದ ಹೇಳಲಾರೆ. ಚಿಕ್ಕಂದಿನಲ್ಲಿ ಅಲ್ಲಿ ಗೋಳಿಬಜೆ ತಿಂದಿದ್ದೇನೆ. ಹಗಲಲ್ಲೂ ಉರಿಯುತ್ತಿದ್ದ ಟ್ಯೂಬ್‌ಲೈಟು, ಹಸಿರು ಪರದೆ, ಬೆವರು ನೆನಪಿವೆ. ಕಿಟಿಕಿ ನೆನಪಿಲ್ಲ. ಇಷ್ಟನ್ನೇ ಸಾಕ್ಷ್ಯವೆಂದು ಹಿಡಿದು ಇಪ್ಪತ್ತು ವರ್ಷ ಅಮ್ಮನ ಜೊತೆ ವಾದ ಮಾಡಿದೆ.

ಅಮ್ಮ ಅಜ್ಜಾವರದವಳು, ಅಪ್ಪ ಕೆದಂಬಾಡಿಯವರು. ಆಗ ಹೆಣ್ಣು ನೋಡಲು ನೇರ ಮನೆಗೆ ಹೋಗದೆ ಮೊದಲು ಹೋಟೆಲಿನಲ್ಲಿ ಸೇರುವುದಿತ್ತು. ಎರಡೂ ಕಡೆಯವರು ಬೇರೆ ಬೇರೆ ಮೇಜಿನಲ್ಲಿ, ಪರಿಚಯವೇ ಇಲ್ಲದವರಂತೆ ಕಾಫಿ ಕುಡಿಯಬೇಕು. ಒಪ್ಪಿಗೆಯಾಗದಿದ್ದರೆ ಯಾರ ಮನೆ ಮೆಟ್ಟಿಲನ್ನೂ ಯಾರೂ ಹತ್ತಿದಂತಾಗುವುದಿಲ್ಲ. ಅವರು ಸೇರಿದ್ದು ಈ ಫ್ಯಾಮಿಲಿ ರೂಮಿನಲ್ಲಿ. ಅಮ್ಮ ಅದರ ಕಿಟಿಕಿಯಿಂದ ನೋಡುವಾಗ ಕೆಳಗೆ ಬಸ್ಸಿಳಿದ ಅಪ್ಪ, ಯಾರೋ ಮುದುಕಿಯ ಬುಟ್ಟಿಯನ್ನು ಬಸ್ಸಿನ ಮೇಲಿನಿಂದ ಇಳಿಸಿಕೊಟ್ಟರಂತೆ. ಅವಳು ಒಪ್ಪಿದ್ದು ಆ ಬುಟ್ಟಿ ನೋಡಿ. ಒಳಗೆ ಬಂದ ಮೇಲೆ ಅಪ್ಪ ತಲೆಯೆತ್ತಿರಲೇ ಇಲ್ಲ.

"ಕಿಟಿಕಿಯೇ ಇಲ್ಲದ ರೂಮಿಂದ ಎಂತ ನೋಡಿದ್ದು ಅಮ್ಮ?"

"ನಿನ್ನ ಪಿಎಚ್‌ಡಿ ಕಿಟಿಕಿಯ ಮೇಲೆಯಾ ಮಾರಾಯ?"

ಅಪ್ಪ ತೀರಿಕೊಂಡ ಮೇಲೆ ಈ ಜಗಳ ನಿಂತಿತು. ಹೋಟೆಲು ಕೆಡವುತ್ತಾರೆಂದು ತಿಳಿದ ದಿನ ಅವಳೇ ಹೇಳಿದಳು: "ಕಿಟಿಕಿ ಇರ್ಲಿಕ್ಕಿಲ್ಲ. ನೀನು ಓದಿದವ. ನಾನೇ ಎಂತದೋ ಕಟ್ಟಿಕೊಂಡಿರ್ಬೇಕು."

ಇಂಥ ಗೆಲುವು ಯಾರಿಗೆ ಬೇಕಿತ್ತು?

ಕೋಣೆ ನೋಡಿಬರಲು ಹೊರಟೆ. ಕೆಡಹುವ ಕೆಲಸದ ಸೂಪರ್‌ವೈಸರ್ ನಾಳೆ ಬನ್ನಿ ಎಂದ. ಮರುದಿನ ಹೋದರೆ ಹೆಲ್ಮೆಟ್ ಇಲ್ಲದೆ ಬಿಡುವುದಿಲ್ಲವೆಂದ. ಮೂರನೆಯ ದಿನ ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡು ಹೋದರೆ ಮರದ ಮೆಟ್ಟಿಲನ್ನೇ ಕಿತ್ತಾಗಿತ್ತು.

"ಕಿಟಿಕಿ ಬೇಕಾದ್ರೆ ಹಿಂದೆ ರಾಶಿ ಉಂಟು ಸಾರ್, ಆರಿಸಿಕೊಳ್ಳಿ."

"ನನಗೆ ಬೇಕಾದ್ದು ಆ ರೂಮಿಗೆ ಕಿಟಿಕಿ ಇತ್ತಾ ಅಂತ."

"ಅದನ್ನು ಕೇಳ್ಲಿಕ್ಕೆ ಮೂರು ದಿನ ಬಂದದ್ದಾ ಮಾರಾಯ್ರೆ?"

ಮರುವಾರ ಅಮ್ಮನನ್ನು ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ಯುವಾಗ ಹೋಟೆಲಿನ ಎದುರಿನ ದೊಡ್ಡ ಬೋರ್ಡು ಇಳಿಸಿದ್ದರು. ಅದರ ಹಿಂದೆ, ಫ್ಯಾಮಿಲಿ ರೂಮಿನ ಕೆಂಪುಕಲ್ಲಿನ ಗೋಡೆಯಲ್ಲಿ ಕಿಟಿಕಿಯಷ್ಟೇ ಜಾಗ, ಸಿಮೆಂಟ್ ಬ್ಲಾಕ್ ತುಂಬಿ ಮುಚ್ಚಿದ್ದು. ನಾನು ಬೆರಳು ತೋರಿಸಿದೆ. ಅವಳು ಸುಮಾರು ಹೊತ್ತು ನೋಡಿದಳು.

"ಮುಚ್ಚಿದ್ದು ಯಾವಾಗ ಅಂತ ಉಂಟಾ? ನಾವು ಬರುವ ಮೊದಲೇ ಮುಚ್ಚಿದ್ರೆ?"

ತಲೆ ಚಚ್ಚಿಕೊಳ್ಳುವಂತಾಯಿತು. ಅನುಮಾನಿಸುವುದನ್ನು ಅವಳಿಗೆ ಕಲಿಸಿದವನು ನಾನೇ. ಹೋಟೆಲಿನ ಹಳೆಯ ಮ್ಯಾನೇಜರರನ್ನು ಹುಡುಕಿಕೊಂಡು ಹೋದೆ. ಅವರ ಮಾತನ್ನಷ್ಟೇ ನಂಬದೆ, ಬೋರ್ಡು ಏರಿಸಿದ ದಿನದ ಹಳೇ ಫೋಟೋವನ್ನು ಅವರಿಂದ ಹುಡುಕಿಸಿ, ಅದರ ಹಿಂದೆ ಬರೆದಿದ್ದ ತಾರೀಕನ್ನೂ ನೋಡಿದೆ. ಆ ಬೋರ್ಡಿಗಾಗಿ ಕಿಟಿಕಿ ಮುಚ್ಚಿದ್ದು ಅಮ್ಮನ ಮದುವೆಯಾಗಿ ಮೂರು ವರ್ಷದ ಮೇಲೆ. ನಾನಾಗ ತೊಟ್ಟಿಲಲ್ಲಿದ್ದೆ.